ನಾಯಿಯ ಉಣ್ಣಿ ಔಷಧಿ ಬೆಕ್ಕಿಗೆ ತಗುಲಿದ್ರೆ ಏನ್ ಮಾಡ್ಬೇಕು?

ನಾಯಿ ಮೈಮೇಲಿನ ಉಣ್ಣಿ (ರಕ್ತ ಹೀರೋ ಹುಳ) ಹೋಗ್ಲಿ ಅಂತ ಕತ್ತಿನ ಹಿಂದೆ ಬಿಡೋ ಡ್ರಾಪ್ಸ್ ಇರತ್ತಲ್ಲ, ಅದ್ರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ರೆ ಬೆಕ್ಕಿಗೆ ವಿಷ, ಮೊದ್ಲು ಪ್ಯಾಕೆಟ್ ತಿರುಗಿಸಿ ಓದಿ.

ಯಾಕಂದ್ರೆ ನಾಯಿ ಲಿವರ್‌ನಲ್ಲಿ ಎಸ್ಟರೇಸ್, ಸೈಟೋಕ್ರೋಮ್ ಪಿ450 ಅನ್ನೋ ಎಂಜೈಮ್‌ಗಳು ಅದನ್ನ ಒಡೀತಾವೆ, ಆಮೇಲೆ ಇನ್ನೊಂದು ಎಂಜೈಮು ಆ ತುಂಡಿಗೆ ಗ್ಲುಕುರಾನಿಕ್ ಆಸಿಡ್ ಅಂಟಿಸಿ ನೀರಲ್ಲಿ ಕರಗೋ ಹಾಗೆ ಮಾಡಿ ಉಚ್ಚೇಲಿ ಹೊರಗೆ ಕಳಿಸತ್ತೆ. ಬೆಕ್ಕಲ್ಲಿ ಈ ಅಂಟಿಸೋ ಕೆಲಸ ತುಂಬಾ ವೀಕು (ಪ್ಯಾರಾಸಿಟಮಾಲ್ ಕೂಡ ಕೊಡ್ಬಾರ್ದು ಅನ್ನೋದು ಇದೇ ಕತೆ), ವಿಷ ಮೈಯಲ್ಲೇ ಉಳ್ಕೊಂಡು ನರಗಳ ಸೋಡಿಯಂ ಚಾನೆಲ್ (ನರದ ಸಿಗ್ನಲ್‌ಗೆ ತೆರೆದು ಮುಚ್ಚೋ ಪುಟ್ಟ ಬಾಗಿಲು) ಬೇಗ ಮುಚ್ಚೋಕೆ ಬಿಡಲ್ಲ, ಅದಕ್ಕೇ ನಡುಕ, ಫಿಟ್ಸು.

ತಗುಲಿದ್ರೆ ತಕ್ಷಣ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೀರಿ, ಬಿಸಿನೀರು ಬೇಡ, ಚರ್ಮ ಇನ್ನೂ ಜಾಸ್ತಿ ಹೀರ್ಕೊಳತ್ತೆ. ಮೈ ನೆಕ್ಕೋಕೆ ಬಿಡ್ಬೇಡಿ. ಟವೆಲ್ ಸುತ್ತಿ ಬೆಚ್ಚಗಿಟ್ಟು, ಪ್ಯಾಕೆಟ್ ಸಮೇತ ಪಶುವೈದ್ಯರ ಹತ್ರ ಓಡಿ, ಚೆನ್ನಾಗೇ ಇದೆಯಲ್ಲ ಅಂತ ಕಾಯ್ಬೇಡಿ, ನಡುಕ ಕೆಲವು ಗಂಟೆ ಬಿಟ್ಟೂ ಶುರುವಾಗತ್ತೆ. ಆಗ್ಲೇ ನಡುಗ್ತಾ ಇದ್ರೆ ತೊಳೆಯೋದು ಆಮೇಲೆ, ಮೊದ್ಲು ಆಸ್ಪತ್ರೆ. ವಾಂತಿ ಮಾಡ್ಸೋ ಪ್ರಯತ್ನ ಅಂತೂ ಬೇಡವೇ ಬೇಡ.