ಹಳೆಯ ಜೆಸಿಬಿಯ ಬಲ ಕುಂದಿದರೆ ಪಂಪ್ ಬಿಚ್ಚುವ ಮುನ್ನ ನೋಡಬೇಕಾದ್ದು

ವರ್ಷಗಟ್ಟಲೆ ಕೆಂಪುಕಲ್ಲಿನ ಕೋರೆಯಲ್ಲಿ ದುಡಿದ ಜೆಸಿಬಿ ಅಥವಾ ಹಿಟಾಚಿಯ ಬಕೆಟ್ ನಿಧಾನವಾದೊಡನೆ ‘ಪಂಪ್ ಹೋಯಿತು’ ಎಂದು ತೀರ್ಪು ಕೊಡುವವರು ಮಂಗಳೂರಿನ ಬೈಕಂಪಾಡಿಯಲ್ಲೂ ಸಿಗುತ್ತಾರೆ, ಉಡುಪಿಯಲ್ಲೂ ಸಿಗುತ್ತಾರೆ. ಆದರೆ ಎಣ್ಣೆಯ ಒತ್ತಡದಿಂದ ಬಕೆಟ್ ಆಡಿಸುವ ಹೈಡ್ರಾಲಿಕ್ ವ್ಯವಸ್ಥೆಯ ಆ ದುಬಾರಿ ಭಾಗಕ್ಕೆ ಕೈಹಾಕುವುದು ಕೊನೆಯ ಕೆಲಸವಾಗಬೇಕು.

ಮೊದಲು ಸಮತಟ್ಟು ಜಾಗದಲ್ಲಿ ಬೂಮ್ (ಯಂತ್ರದ ಉದ್ದ ತೋಳು) ಮತ್ತು ಬಕೆಟ್ಟನ್ನು ನೆಲಕ್ಕೆ ತಾಗಿಸಿ, ಎಂಜಿನ್ ನಿಲ್ಲಿಸಿ, ಲಿವರ್‌ಗಳನ್ನು ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡವನ್ನು ಬಿಡಬೇಕು. ಸೋರುವ ಜಾಗವನ್ನು ಎಂದಿಗೂ ಬರಿಗೈಯಿಂದ ಸವರಿ ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು, ಹಾಗಾದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಳಿಕ ಹೈಡ್ರಾಲಿಕ್ ಎಣ್ಣೆಯ ಟ್ಯಾಂಕ್. ಎಣ್ಣೆಯ ಮಟ್ಟ ಸರಿಯಿದ್ದರೂ ಬಣ್ಣ ಹಾಲಿನಂತೆ ಬೆಳ್ಳಗಾಗಿದ್ದರೆ ಸ್ವಲ್ಪವನ್ನು ಗಾಜಿನ ಬಾಟಲಿಗೆ ತುಂಬಿ ಅಲುಗಿಸದೆ ಇಡಿ. ಕೆಲಹೊತ್ತಿನಲ್ಲಿ ತಿಳಿಯಾದರೆ ಅದರಲ್ಲಿ ಬೆರೆತಿದ್ದದ್ದು ಗಾಳಿ, ಆಗ ಪಂಪಿಗೆ ಎಣ್ಣೆ ಎಳೆಯುವ ಸಕ್ಷನ್ ಹೋಸ್ ಮತ್ತು ಅದರ ಕ್ಲಿಪ್ಪುಗಳನ್ನು ಪರೀಕ್ಷಿಸಬೇಕು. ಮರುದಿನವೂ ಬೆಳ್ಳಗೇ ಇದ್ದರೆ ಅಥವಾ ತಳದಲ್ಲಿ ನೀರು ನಿಂತರೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಮೊದಲು ಅನುಮಾನಿಸಬೇಕಾದ್ದು ಟ್ಯಾಂಕಿನ ಮುಚ್ಚಳ ಮತ್ತು ಅದಕ್ಕೆ ಗಾಳಿ ಆಡಲು ಇರುವ ಬ್ರೀದರನ್ನು. ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ: ಕಪ್ಪು ರಬ್ಬರ್ ಚೂರು ಸೀಲ್ ಅಥವಾ ಹೋಸ್ ಸವೆದ ಗುರುತು, ಹಿತ್ತಾಳೆ ಬಣ್ಣದ ಹೊಳೆಯುವ ಪುಡಿ ಪಂಪ್ ಅಥವಾ ಮೋಟಾರ್ ಸವೆಯುತ್ತಿರುವ ಗುರುತು.

ಇನ್ನು ಮುಖ್ಯ ಪ್ರಶ್ನೆ: ಎಲ್ಲ ಚಲನೆಗಳೂ ನಿಧಾನವೇ, ಇಲ್ಲವೇ ಒಂದು ಮಾತ್ರವೇ? ಎಲ್ಲವೂ ಆದರೆ ಸಕ್ಷನ್ ಸ್ಟ್ರೇನರ್ (ಪಂಪಿಗೆ ಹೋಗುವ ಎಣ್ಣೆ ಸೋಸುವ ಜಾಲರಿ), ಮುಖ್ಯ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ತಡೆಯುವ ವಾಲ್ವ್), ಪಂಪ್, ಇದೇ ಕ್ರಮದಲ್ಲಿ ನೋಡಬೇಕು. ಒಂದೇ ಆದರೆ ಪಂಪಿನ ತಪ್ಪು ಇರುವುದು ಅಪರೂಪ; ಆ ಸಿಲಿಂಡರಿನ ಸೀಲ್ ಅಥವಾ ಆ ಲಿವರಿನ ವಾಲ್ವ್ ಒಳಗೇ ಎಣ್ಣೆ ಬಿಡುತ್ತಿರಬಹುದು. ಮಲ್ಪೆ, ಪಣಂಬೂರಿನಂಥ ಕಡಲ ಬದಿಯಲ್ಲಿ ನಿಲ್ಲುವ ಯಂತ್ರಗಳ ಸಿಲಿಂಡರ್ ರಾಡಿನ ಮೇಲೆ ಉಗುರು ಎಳೆದು ನೋಡಿ. ಉಪ್ಪುಗಾಳಿಗೆ ತುಕ್ಕು ಹಿಡಿದು ಗುಳಿ ಬಿದ್ದ ರಾಡನ್ನು ಹಾಗೆಯೇ ಬಿಟ್ಟರೆ ಹೊಸ ಸೀಲನ್ನೂ ಅದು ಬೇಗನೆ ಹರಿದುಹಾಕುತ್ತದೆ.

ಇಷ್ಟಾದ ಮೇಲೂ ಬಲ ಸಾಲದಿದ್ದರೆ ಎಣ್ಣೆ ಬಿಸಿಯಾದ ಬಳಿಕ ಅನುಭವಿ ಮೆಕ್ಯಾನಿಕ್‌ನಿಂದ ಒತ್ತಡ ಅಳೆಯುವ ಗೇಜ್ ಹಾಕಿಸಿ, ಆ ಮಾಡೆಲಿನ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಬೇಕು. ಗೇಜ್ ಇಲ್ಲದೆ ಅಂದಾಜಿನಲ್ಲಿ ರಿಲೀಫ್ ವಾಲ್ವ್‌ನ ಸ್ಕ್ರೂ ಬಿಗಿದು ಒತ್ತಡ ಹೆಚ್ಚಿಸುವ ಅಭ್ಯಾಸ ಹಲವೆಡೆ ಇದೆ. ಹಳೆಯ ಹೋಸ್‌ಗಳು ಆ ಹೆಚ್ಚುವರಿ ಒತ್ತಡವನ್ನು ತಾಳುವುದಿಲ್ಲ.