ಕಡಲು ಎಡಕ್ಕಿರಲಿ: ಮಂಗಳೂರಿನಿಂದ ಕಾರವಾರಕ್ಕೆ ಎರಡು ದಿನದ ದಾರಿ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿ.ಮೀ. ಒಂದೇ ಓಟದಲ್ಲಿ ಐದಾರು ಗಂಟೆ ಸಾಕು. ಕಡಲು ನೋಡಲೆಂದೇ ಹೊರಟವರು ಎರಡು ದಿನ ಇಟ್ಟುಕೊಳ್ಳಿ, ದಕ್ಷಿಣದಿಂದ ಉತ್ತರಕ್ಕೇ ಹೋಗಿ. ಆಗ ಕಡಲು ಎಡಗಡೆ ಬರುತ್ತದೆ, ಬೇಕಾದಲ್ಲಿ ರಸ್ತೆಯಿಂದ ಎಡಕ್ಕೆ ಸರಿದು ನಿಲ್ಲಬಹುದು. ಕಾರವಾರ ಕಡೆಯಿಂದ ಬಂದರೆ ನಡುವೆ ಡಿವೈಡರ್. ಮರವಂತೆಯ ಅಲೆ ಕಣ್ಣೆದುರೇ ಇದ್ದರೂ ಯು-ಟರ್ನ್ ಹುಡುಕಿಕೊಂಡು ಮುಂದೆ ಹೋಗಬೇಕು.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದ ಕಡಲು ಚೆಂದವೇ, ಆದರೆ ಉತ್ತರ ಕನ್ನಡದಲ್ಲಿ ಗುಡ್ಡದ ಬುಡ ಕಡಿದು ರಸ್ತೆ ಅಗಲಿಸಿದ ಕಡೆ ಭಯವಿದೆ. ಮೇಲೆ ಮುರಕಲ್ಲು, ಕೆಳಗೆ ಜೇಡಿಮಣ್ಣು ಇರುವಲ್ಲಿ, ದಿನಗಟ್ಟಲೆ ಮಳೆ ಹಿಡಿದರೆ ಕೆಳಗಿನ ಮಣ್ಣು ನೀರು ಕುಡಿದು ಮೇಲಿನದನ್ನೂ ಹೊತ್ತುಕೊಂಡು ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲೇ ಜೀವಗಳು ಹೋದವು. ರೆಡ್ ಅಲರ್ಟ್ ಇದ್ದ ದಿನ ಹೊರಡಲೇಬೇಡಿ, ಗುಡ್ಡದ ಕೆಳಗೆ ಚಹಾಕ್ಕೆಂದೂ ಗಾಡಿ ನಿಲ್ಲಿಸಬೇಡಿ. (ಬೈಂದೂರಿನ ಬಳಿ ಇನ್ನೊಂದು ಶಿರೂರು ಇದೆ, ಟೋಲ್ ಇರುವುದು ಅಲ್ಲಿ. ಮ್ಯಾಪ್ ನೋಡುವಾಗ ಗೊಂದಲವಾಗುತ್ತದೆ.) ಟೋಲ್‌ಗಳು ಐದು: ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ, ಹಟ್ಟಿಕೇರಿ. ಫಾಸ್ಟ್ಯಾಗ್‌ನಲ್ಲಿ ಹಣ ಇರಲಿ.

ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಮಂಗಳೂರು ಬಿಟ್ಟರೆ ಕಾಪುವಿನಲ್ಲಿ 1901ರ ದೀಪಸ್ತಂಭ ನಿಂತಿರುವ ಬಂಡೆ ನೋಡಿ, ಕುಂದಾಪುರದಲ್ಲಿ ಊಟ ಮುಗಿಸಬಹುದು. ಇಲ್ಲಿಂದ ಮುಂದಿನ ನಲವತ್ತು ಕಿ.ಮೀ.ಗೆ ಇಡೀ ಮಧ್ಯಾಹ್ನ ಕೊಡಿ. ತ್ರಾಸಿ ದಾಟಿದೊಡನೆ ಮರವಂತೆ: ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ. ನಾಲ್ಕು ಗಂಟೆಗೆ ತಲುಪಿದರೆ ಪಡುವಣ ಬಿಸಿಲು ಹೊಳೆಯಾಚೆಯ ಕೊಡಚಾದ್ರಿ ಸಾಲಿನ ಮೇಲೆ ಬಿದ್ದು ಎರಡೂ ಕಡೆ ನೋಡುವಂತಿರುತ್ತದೆ. ನಡುಹಗಲಲ್ಲಿ ಬರೀ ಝಳ. ಕಡಲಂಚಿಗೆ ಹಾಕಿದ ಬಂಡೆಗಳ ಮೇಲೆ ಹಸಿರು ಪಾಚಿ ಇರುತ್ತದೆ, ಹತ್ತಬೇಡಿ. ಇಲ್ಲಿ ಈಜುವುದೂ ಬೇಡ. ದಡಕ್ಕೆ ಬಡಿದ ನೀರು ಕಿರಿದಾದ ಜಾಗದಲ್ಲಿ ಒಟ್ಟಾಗಿ ರಭಸದಿಂದ ಹಿಂದಕ್ಕೆ ಸೆಳೆಯುತ್ತದೆ. ಅಲೆ ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಹೆಚ್ಚಾಗಿ ಆ ಸೆಳೆತದ ಜಾಗ. ಸಿಕ್ಕಿಬಿದ್ದರೆ ದಡದತ್ತ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ಐದಕ್ಕೆ ಹೊರಟು ಬೈಂದೂರಿನ ಒತ್ತಿನೆಣೆ ಗುಡ್ಡ ಹತ್ತಿ. ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಈ ದಾರಿಯಲ್ಲಿ ಒಂದೇ ಒಂದು ಸಂಜೆ ಸಿಗುವುದಾದರೆ ಅದು ಇಲ್ಲಿಗೇ ಇರಲಿ. ರಾತ್ರಿ ಮುರ್ಡೇಶ್ವರದಲ್ಲಿ ತಂಗಿ. ಕತ್ತಲಾದ ಮೇಲೆ ದೂರ ಓಡಿಸಬೇಡಿ: ದನಗಳು ರಸ್ತೆಯಲ್ಲೇ ಮಲಗಿರುತ್ತವೆ, ಯು-ಟರ್ನ್ ಉಳಿಸಲು ಎದುರಿನಿಂದ ಬರುವ ಬೈಕುಗಳಿಗೆ ಕೆಲವೊಮ್ಮೆ ದೀಪವೂ ಇರುವುದಿಲ್ಲ. ಬೈಕಿನಲ್ಲಿ ಹೋಗುವವರು ಮೀನಿನ ಲಾರಿಯ ಹಿಂದೆ ಅಂಟಿಕೊಂಡು ಹೋಗಬೇಡಿ. ಅದರಿಂದ ಸೋರುವ ಜಿಡ್ಡು ನೀರಿನ ಮೇಲೆ ಟೈರು ಜಾರುತ್ತದೆ.

ಎರಡನೇ ದಿನ ಹೊನ್ನಾವರದ ಮುಂಚೆ ಅಪ್ಸರಕೊಂಡ, ಆಮೇಲೆ ಶರಾವತಿ ಸೇತುವೆ, ಕುಮಟಾ. ಗೋಕರ್ಣಕ್ಕೆ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಬೇಕು. ಓಂ ಬೀಚ್‌ನ ಎರಡು ಕಮಾನುಗಳ ಆಕಾರ ಕಾಣಬೇಕೆಂದರೆ ಮೇಲಿನ ಗುಡ್ಡದಿಂದಲೇ ನೋಡಿ, ಮರಳಿಗಿಳಿದರೆ ಅದು ಕಾಣದು. ಅಂಕೋಲಾದಿಂದ ಕಾರವಾರಕ್ಕೆ ಘಟ್ಟ ಕಡಲಿಗೇ ಬಂದು ಮುಟ್ಟುತ್ತದೆ, ಆದರೆ ಅರ್ಗಾ ಸುತ್ತ ನೌಕಾನೆಲೆ ಇರುವುದರಿಂದ ಅಲ್ಲಿ ಕ್ಯಾಮೆರಾ ಒಳಗಿಡಿ.

ಎಲ್ಲಿಯೂ ಕಾರನ್ನು ಮರಳಿಗಿಳಿಸಬೇಡಿ. ಇಳಿತದಲ್ಲಿ ಗಟ್ಟಿಯಿದ್ದ ಮರಳು ಉಬ್ಬರ ಬಂದಾಗ ಚಕ್ರ ನುಂಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಂತೂ ನೀರು ಇನ್ನೂ ಮೇಲೇರುತ್ತದೆ. ಮನೆಗೆ ಮರಳಿದ ದಿನವೇ ಗಾಡಿಯ ಅಡಿಭಾಗ, ಚಕ್ರದ ಒಳಬದಿ, ಬೈಕಾದರೆ ಚೈನು ಕೂಡ ಸಿಹಿನೀರಿನಲ್ಲಿ ತೊಳೆದು, ಒಣಗಿದ ಮೇಲೆ ಚೈನಿಗೆ ಎಣ್ಣೆ ಬಿಡಿ.