ಬಾಹ್ಯಾಕಾಶ ಟ್ರಸ್ಟ್‌ನ ಷೇರು ಕೊಳ್ಳುವ ಮುನ್ನ ಎನ್‌ಎವಿ ಓದುವುದು ಹೇಗೆ?

ರಾಕೆಟ್ ಹಾರಿದ ಸುದ್ದಿ ಬಂದ ಮರುದಿನ, ಲಂಡನ್ ಷೇರುಪೇಟೆ ಬೆಳಿಗ್ಗೆ 8ಕ್ಕೆ ಬಾಗಿಲು ತೆರೆಯುತ್ತಿದ್ದಂತೆ ಬಾಹ್ಯಾಕಾಶ ಟ್ರಸ್ಟ್‌ನ ಷೇರಿಗೆ ಮುಗಿಬೀಳುವವರಿದ್ದಾರೆ. ಅವರು ಬೆಲೆ ನೋಡುತ್ತಾರೆ. ಆ ಬೆಲೆಗೆ ಕೈಗೆ ಏನು ಬರುತ್ತಿದೆ ಎಂದು ನೋಡುವುದಿಲ್ಲ. ಅದನ್ನು ಹೇಳುವ ಅಂಕಿಯೇ ಎನ್‌ಎವಿ, ಅಂದರೆ ಒಂದು ಷೇರಿನ ಹಿಂದಿರುವ ಆಸ್ತಿಯ ಮೌಲ್ಯ. ಕೈ ಸುಟ್ಟುಕೊಳ್ಳುವುದು ಅಲ್ಲೇ.

ಟ್ರಸ್ಟ್ ಎಂದರೆ ಸ್ವತಃ ಒಂದು ಕಂಪನಿ. ಷೇರು ಮಾರಿ ಹಣ ಕೂಡಿಸಿ, ಆ ಹಣವನ್ನು ಬೇರೆ ಕಂಪನಿಗಳಲ್ಲಿ ತೊಡಗಿಸುತ್ತದೆ. ನೀವು ಹೊರಬರಬೇಕೆಂದರೆ ಟ್ರಸ್ಟ್ ಹಣ ವಾಪಸ್ ಕೊಡುವುದಿಲ್ಲ. ನಿಮ್ಮ ಷೇರನ್ನು ಪೇಟೆಯಲ್ಲಿ ಇನ್ನೊಬ್ಬರು ಕೊಳ್ಳಬೇಕು. ಇದು ತೊಡಕಿನಂತೆ ಕಂಡರೂ ಬಾಹ್ಯಾಕಾಶ ಕಂಪನಿಗಳಿಗೆ ಇದೇ ಸರಿಯಾದ ರೂಪ. ಬಹುತೇಕ ಉಪಗ್ರಹ ಕಂಪನಿಗಳು ಷೇರುಪೇಟೆಗೆ ಬಂದೇ ಇಲ್ಲ, ಅವುಗಳ ಪಾಲನ್ನು ನಾಳೆಯೇ ಮಾರಲು ಆಗುವುದಿಲ್ಲ. ಕೇಳಿದಾಗಲೆಲ್ಲ ಹಣ ಮರಳಿಸುವ ಸಾಮಾನ್ಯ ಫಂಡ್ ಇಂಥ ಪಾಲುಗಳನ್ನು ತುಂಬಿಕೊಂಡರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ 2019ರ ಜೂನ್‌ನಲ್ಲಿ ಕಂಡಿದೆ. ವುಡ್‌ಫರ್ಡ್ ಈಕ್ವಿಟಿ ಇನ್‌ಕಮ್ ಫಂಡ್ ಹೂಡಿಕೆದಾರರಿಗೆ ಹಣ ಮರಳಿಸುವುದನ್ನೇ ನಿಲ್ಲಿಸಿಬಿಟ್ಟಿತು. ಪಟ್ಟಿಯಾಗದ ಕಂಪನಿಗಳನ್ನು ಇಟ್ಟುಕೊಂಡ ಫಂಡ್ 'ಯಾವಾಗ ಬೇಕಾದರೂ ಹಣ ವಾಪಸ್' ಎಂದರೆ ಹತ್ತಿರ ಹೋಗಬೇಡಿ.

ಯಾವ ಟ್ರಸ್ಟ್?

ಪೂರ್ತಿ ಬಾಹ್ಯಾಕಾಶಕ್ಕೇ ಮೀಸಲಾದದ್ದು ಬೇಕಿದ್ದರೆ ಸೆರಾಫಿಮ್ ಸ್ಪೇಸ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್. 2021ರ ಜುಲೈನಲ್ಲಿ ಷೇರಿಗೆ 100 ಪೆನ್ಸ್‌ನಂತೆ (ಅಂದರೆ ಒಂದು ಪೌಂಡ್) ಲಂಡನ್‌ನಲ್ಲಿ ಪಟ್ಟಿಯಾಯಿತು. ಪೇಟೆಯ ಸಂಕೇತ ಎಸ್‌ಎಸ್‌ಐಟಿ. ಅದು ಹಣ ಹಾಕಿದ ಕಂಪನಿಗಳಲ್ಲಿ ಫಿನ್ಲೆಂಡಿನ ಐಸ್‌ಐ ಮುಖ್ಯವಾದದ್ದು. ಮೋಡವಿರಲಿ, ಕತ್ತಲಿರಲಿ, ರೇಡಾರ್‌ನಿಂದ ನೆಲದ ಚಿತ್ರ ತೆಗೆಯುವ ಸಣ್ಣ ಉಪಗ್ರಹಗಳನ್ನು ಇದು ಮಾಡುತ್ತದೆ. ಇದರ ಮೊದಲ ಉಪಗ್ರಹವನ್ನು 2018ರ ಜನವರಿಯಲ್ಲಿ ಕಕ್ಷೆಗೆ ಒಯ್ದದ್ದು ಶ್ರೀಹರಿಕೋಟಾದಿಂದ ಹಾರಿದ ನಮ್ಮ ಪಿಎಸ್‌ಎಲ್‌ವಿ. ಉಪಗ್ರಹಗಳನ್ನು ಬೇಕಾದ ಕಕ್ಷೆಗೆ ತಲುಪಿಸುವ ಇಟಲಿಯ ಡಿ-ಆರ್ಬಿಟ್, ರೇಡಿಯೊ ಸಂಕೇತಗಳ ಜಾಡು ಹಿಡಿಯುವ ಅಮೆರಿಕದ ಹಾಕ್‌ಐ 360 ಕೂಡ ಅದು ಹಣ ಹಾಕಿದ ಕಂಪನಿಗಳೇ.

ಎಡಿನ್‌ಬರೋದ ಸ್ಕಾಟಿಷ್ ಮಾರ್ಟ್‌ಗೇಜ್ ಎಂಬ ಟ್ರಸ್ಟ್ ಬೇರೆಯೇ ಜಾತಿ. ಸ್ಪೇಸ್‌ಎಕ್ಸ್ ಖಾಸಗಿ ಕಂಪನಿಯಾಗಿದ್ದಾಗಲೇ ಅದರಲ್ಲಿ ಹಣ ಹಾಕಿತು. ಆದರೆ ಅದರ ಬುಟ್ಟಿಯಲ್ಲಿ ಚಿಪ್, ಇ-ಕಾಮರ್ಸ್, ಔಷಧ ಕಂಪನಿಗಳೂ ಇವೆ. ಏಳು ವರ್ಷ ಹಣ ಮುಟ್ಟದೆ ಇರಬಲ್ಲವರಿಗೆ ಮಾತ್ರ ಸೆರಾಫಿಮ್‌ನಂಥ ಶುದ್ಧ ಬಾಹ್ಯಾಕಾಶ ಟ್ರಸ್ಟ್. ಉಳಿದವರಿಗೆ ಮಿಶ್ರ ಬುಟ್ಟಿಯೇ ವಾಸಿ. ಶುದ್ಧ ಟ್ರಸ್ಟ್ ಒಟ್ಟು ಉಳಿತಾಯದ ನೂರಕ್ಕೆ ಐದನ್ನು ಮೀರಬಾರದು.

ಹೆಸರಿನಲ್ಲಿ 'ಸ್ಪೇಸ್' ಇದ್ದ ಮಾತ್ರಕ್ಕೆ ಒಳಗೆ ಬಾಹ್ಯಾಕಾಶ ಇರುತ್ತದೆ ಎಂದೂ ಅಲ್ಲ. 2021ರಲ್ಲಿ ಬಂದ ಅಮೆರಿಕದ ಒಂದು ಪ್ರಸಿದ್ಧ ಇಟಿಎಫ್‌ನಲ್ಲಿ (ಷೇರಿನಂತೆ ಪೇಟೆಯಲ್ಲಿ ಕೊಳ್ಳುವ ಫಂಡ್) ಟ್ರ್ಯಾಕ್ಟರ್ ತಯಾರಿಸುವ ಡೀರ್ ಮತ್ತು ನೆಟ್‌ಫ್ಲಿಕ್ಸ್ ಇದ್ದವು. ಖಾಸಗಿ ರಾಕೆಟ್ ಕಂಪನಿಗಳ ಷೇರಿಗೆ ಸಮ ಎಂದು ಮಾರುವ ಡಿಜಿಟಲ್ ಟೋಕನ್‌ಗಳನ್ನಂತೂ ಮುಟ್ಟಲೇಬೇಡಿ. ಆ ಕಂಪನಿಯ ದಾಖಲೆಯಲ್ಲಿ ಷೇರುದಾರರೆಂದು ನಿಮ್ಮ ಹೆಸರು ಎಲ್ಲಿಯೂ ಇರುವುದಿಲ್ಲ.

ಖಾತೆ: ಬ್ರಿಟನ್ನಿನ ಯಾವುದೇ ಆನ್‌ಲೈನ್ ಬ್ರೋಕರ್‌ನಲ್ಲಿ ಷೇರುಗಳ ಐಎಸ್‌ಎ, ಅಂದರೆ ತೆರಿಗೆ ಇಲ್ಲದ ಹೂಡಿಕೆ ಖಾತೆ, ತೆರೆಯಿರಿ. ತೆರಿಗೆ ವರ್ಷಕ್ಕೆ 20,000 ಪೌಂಡ್ ಮಿತಿ, ಒಳಗಿನ ಲಾಭಕ್ಕೆ ತೆರಿಗೆ ಇಲ್ಲ. ಇಷ್ಟೇ.

ಎಡವುವ ಜಾಗ: ಎನ್‌ಎವಿ

ಟ್ರಸ್ಟ್‌ನ ಎಲ್ಲ ಆಸ್ತಿಯಿಂದ ಸಾಲ ಕಳೆದು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಎನ್‌ಎವಿ, ಅಂದರೆ ಪ್ರತಿ ಷೇರಿನ ನಿವ್ವಳ ಆಸ್ತಿ ಮೌಲ್ಯ. ಪೇಟೆಯ ಬೆಲೆ ಅದಕ್ಕಿಂತ ಕಡಿಮೆ ಇದ್ದರೆ ಡಿಸ್ಕೌಂಟ್, ಹೆಚ್ಚಿದ್ದರೆ ಪ್ರೀಮಿಯಂ. ಎನ್‌ಎವಿ 100 ಪೆನ್ಸ್, ಬೆಲೆ 70 ಎಂದರೆ ಡಿಸ್ಕೌಂಟ್ ನೂರಕ್ಕೆ 30. '100ರ ಮಾಲು 70ಕ್ಕೆ' ಎಂದು ಜನ ಹಿಗ್ಗುವುದು ಇಲ್ಲೇ.

ಮೊದಲು ಆ 100 ಯಾವ ದಿನದ್ದು ಎಂದು ನೋಡಿ. ಸೆರಾಫಿಮ್ ಎನ್‌ಎವಿ ಪ್ರಕಟಿಸುವುದು ಮೂರು ತಿಂಗಳಿಗೊಮ್ಮೆ, ಅದೂ ತ್ರೈಮಾಸಿಕ ಮುಗಿದು ವಾರಗಳಾದ ಮೇಲೆ. ಜೂನ್‌ನಲ್ಲಿ ಕಾಣುವ ಅಂಕಿ ಮಾರ್ಚ್ 31ರದ್ದಾಗಿರಬಹುದು. ಹಳಸಿದ ಎನ್‌ಎವಿಯನ್ನು ಇವತ್ತಿನ ಬೆಲೆಯ ಜೊತೆ ತೂಗಬಾರದು, ಕೈಯಾರೆ ತಿದ್ದಿಕೊಳ್ಳಬೇಕು. ಲೆಕ್ಕ ಕಷ್ಟವಲ್ಲ. ಎನ್‌ಎವಿಯಲ್ಲಿ ನೂರಕ್ಕೆ 12 ಭಾಗ ಷೇರುಪೇಟೆಯಲ್ಲಿರುವ ಕಂಪನಿಗಳದ್ದು, ಅವು ಆಮೇಲೆ ನೂರಕ್ಕೆ 25 ಏರಿವೆ ಅಂದುಕೊಳ್ಳಿ: 3 ಪೆನ್ಸ್ ಕೂಡಿಸಿ. ಅರ್ಧದಷ್ಟು ಆಸ್ತಿ ಡಾಲರ್‌ನಲ್ಲಿದ್ದು, ಪೌಂಡ್ ಎದುರು ಡಾಲರ್ ನೂರಕ್ಕೆ 4 ಇಳಿದಿದ್ದರೆ 2 ಪೆನ್ಸ್ ಕಳೆಯಿರಿ. 101 ಆಯಿತು. ಇದು ಅಂದಾಜೇ ಆದರೂ ಹಳೆಯ ಅಂಕಿಗಿಂತ ಮೇಲು.

ಪಟ್ಟಿಯಾಗದ ಕಂಪನಿಗಳಿಗೆ ಬೆಲೆ ಕಟ್ಟುವ ಬಗೆಯನ್ನು ಇನ್ನಷ್ಟು ತಾಳ್ಮೆಯಿಂದ ಓದಬೇಕು. ಕಂಪನಿ ಕೊನೆಯ ಸುತ್ತಿನಲ್ಲಿ, ಅಂದರೆ ಕೊನೆಯ ಬಾರಿ ಹೂಡಿಕೆದಾರರಿಂದ ಬಂಡವಾಳ ಎತ್ತಿದಾಗ, ಅದು ಯಾವ ಬೆಲೆಗೆ ಬಂತೋ ಸಾಮಾನ್ಯವಾಗಿ ಅದೇ ಆಧಾರ. ಆ ಸುತ್ತು ಆರು ತಿಂಗಳ ಹಿಂದಿನದಾದರೆ ನಂಬಬಹುದು. ಎರಡು ವರ್ಷದ ಹಿಂದಿನದಾದರೆ ಉಳಿದಿರುವುದು ಮ್ಯಾನೇಜರ್‌ನ ಅಭಿಪ್ರಾಯ ಮಾತ್ರ. ಜೊತೆಗೆ ಟ್ರಸ್ಟ್ ಕೈಯಲ್ಲಿರುವುದು ಸಾಮಾನ್ಯವಾಗಿ ಆದ್ಯತಾ ಷೇರು. ಒಂದು ಕಂಪನಿಗೆ 5 ಕೋಟಿ ಪೌಂಡ್ ಮೌಲ್ಯ ಕಟ್ಟಿದ ಸುತ್ತಿನಲ್ಲಿ ಟ್ರಸ್ಟ್ 1 ಕೋಟಿ ಹಾಕಿ ಐದನೇ ಒಂದು ಪಾಲು ಪಡೆಯಿತು ಅನ್ನಿ. ಈಗ ಕಂಪನಿಯ ಮೌಲ್ಯ 2.5 ಕೋಟಿಗೆ ಕುಸಿದಿದೆ. ಪಾಲಿನ ಲೆಕ್ಕದಲ್ಲಿ ಟ್ರಸ್ಟ್‌ಗೆ 50 ಲಕ್ಷ. ಆದರೆ ಕಂಪನಿ ಮಾರಾಟವಾದರೆ ಹಾಕಿದ ಹಣ ಮೊದಲು ತನಗೇ ಸಿಗಬೇಕೆಂಬ ಷರತ್ತು ಇದ್ದು, ತನಗಿಂತ ಮುಂದೆ ಬೇರೆ ಯಾರೂ ಇಲ್ಲದಿದ್ದರೆ, ಪುಸ್ತಕದಲ್ಲಿ 1 ಕೋಟಿಯೇ ಉಳಿಯಬಹುದು. ಕಂಪನಿ ಅರ್ಧಕ್ಕೆ ಇಳಿದರೂ ಎನ್‌ಎವಿ ಅಲುಗಾಡಲಿಲ್ಲ! ಇದು ಮೋಸವಲ್ಲ, ನಿಜವಾದ ರಕ್ಷಣೆಯೇ. ಆದರೆ ಕಂಪನಿ ಷೇರುಪೇಟೆಗೆ ಬಂದರೆ ಆದ್ಯತಾ ಷೇರು ಸಾಮಾನ್ಯ ಷೇರಾಗಿ ಬದಲಾಗುತ್ತದೆ, ಆ ರಕ್ಷಣೆ ಅಲ್ಲಿಗೆ ಮುಗಿಯಿತು. ಹಾಗಾಗಿ ಎನ್‌ಎವಿ ಇಳಿದಿಲ್ಲ ಎಂಬ ಒಂದೇ ಕಾರಣಕ್ಕೆ ಒಳಗೆಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ.

ಡಿಸ್ಕೌಂಟ್ ಎರಡೂ ಕಡೆಯಿಂದ ಏಟು ಕೊಡುತ್ತದೆ. ಎನ್‌ಎವಿ 100 ಇದ್ದಾಗ 95ಕ್ಕೆ ಕೊಂಡಿರಿ. ಎನ್‌ಎವಿ 85ಕ್ಕೆ ಇಳಿಯಿತು, ಪೇಟೆ ಹೆದರಿ ಡಿಸ್ಕೌಂಟನ್ನು ನೂರಕ್ಕೆ 40 ಮಾಡಿತು. ಬೆಲೆ 51. ಆಸ್ತಿ ಕರಗಿದ್ದು ನೂರಕ್ಕೆ 15, ನೀವು ಕಳೆದುಕೊಂಡದ್ದು ನೂರಕ್ಕೆ 46. ಸೆರಾಫಿಮ್‌ನಲ್ಲೇ 2023ರಲ್ಲಿ ಬೆಲೆ ಎನ್‌ಎವಿಯ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. 100 ಪೆನ್ಸ್‌ಗೆ ಕೊಂಡವರು ಇದನ್ನೆಲ್ಲ ಕಂಡಿದ್ದಾರೆ. ಆ ತಳದಲ್ಲಿ ಕೊಂಡವರಿಗೆ ಆದದ್ದು ಇದಕ್ಕೆ ವಿರುದ್ಧ. ಎನ್‌ಎವಿ ಕದಲದಿದ್ದರೂ ಡಿಸ್ಕೌಂಟ್ 50ರಿಂದ 20ಕ್ಕೆ ಬಂದರೆ ನೂರಕ್ಕೆ 60 ಲಾಭ. ಪ್ರೀಮಿಯಂ ಕೊಟ್ಟು ಇಂಥ ಟ್ರಸ್ಟ್ ಕೊಳ್ಳಬಾರದು, ಎಷ್ಟೇ ಒಳ್ಳೆಯ ಸುದ್ದಿ ಇರಲಿ.

ಇನ್ನು ನಗದು. ಉಪಗ್ರಹ ಕಂಪನಿಗಳು ಮತ್ತೆ ಮತ್ತೆ ಬಂಡವಾಳ ಕೇಳುತ್ತವೆ. ಡಿಸ್ಕೌಂಟ್‌ನಲ್ಲಿರುವ ಟ್ರಸ್ಟ್‌ಗೆ ಎನ್‌ಎವಿಗಿಂತ ಕಡಿಮೆ ಬೆಲೆಗೆ ಹೊಸ ಷೇರು ಮಾರಿ ಹಣ ಎತ್ತುವುದು ಸುಲಭವಲ್ಲ. ಕೈಯಲ್ಲಿ ನಗದು ಇಲ್ಲದಿದ್ದರೆ ತನ್ನದೇ ಒಳ್ಳೆಯ ಕಂಪನಿಯ ಮುಂದಿನ ಸುತ್ತಿನಲ್ಲಿ ಭಾಗವಹಿಸಲಾಗದೆ ಪಾಲು ತೆಳುವಾಗುತ್ತದೆ. ವರದಿಯಲ್ಲಿ ಎರಡು ಅಂಕಿ ಹುಡುಕಿ: ಟ್ರಸ್ಟ್‌ನ ನಗದು ಎಷ್ಟು, ಒಳಗಿನ ಕಂಪನಿಗಳಿಗೆ ಇನ್ನೆಷ್ಟು ತಿಂಗಳಿಗೆ ಸಾಲುವಷ್ಟು ಹಣವಿದೆ. ಅತಿ ದೊಡ್ಡ ಪಾಲು ಎಷ್ಟೆಂದೂ ಬರೆದುಕೊಳ್ಳಿ. ಒಂದೇ ಕಂಪನಿ ನಾಲ್ಕನೇ ಒಂದು ಭಾಗ ತುಂಬಿದ್ದರೆ ನೀವು ಮುಖ್ಯವಾಗಿ ಕೊಳ್ಳುತ್ತಿರುವುದು ಆ ಕಂಪನಿಯನ್ನು.

ಆರ್ಡರ್ ಹಾಕುವಾಗ

ಬೆಲೆ ಪೆನ್ಸ್‌ನಲ್ಲಿರುತ್ತದೆ. 62 ಎಂದರೆ 0.62 ಪೌಂಡ್. ಷೇರುಗಳ ಸಂಖ್ಯೆಯ ಜಾಗದಲ್ಲಿ ಪೌಂಡ್ ಮೊತ್ತ ತುಂಬುವ ತಪ್ಪು ಬಹಳ ಸಾಮಾನ್ಯ, ಒತ್ತುವ ಮುನ್ನ ಒಟ್ಟು ಮೊತ್ತ ಓದಿ. ಟ್ರಸ್ಟ್‌ಗಳ ಪ್ರಕಟಣೆ ಸಾಮಾನ್ಯವಾಗಿ ಬೆಳಿಗ್ಗೆ 7ಕ್ಕೆ ಬರುತ್ತದೆ. 8ಕ್ಕೆ ಪೇಟೆ ತೆರೆದಾಗ ಕೊಳ್ಳುವ ಮತ್ತು ಮಾರುವ ಬೆಲೆಯ ಅಂತರ ಅಗಲವಾಗಿರುತ್ತದೆ. ಹತ್ತರವರೆಗೆ ಕಾಯಿರಿ. ಯಾವಾಗಲೂ ಲಿಮಿಟ್ ಆರ್ಡರ್, ಅಂದರೆ 'ಇದಕ್ಕಿಂತ ಹೆಚ್ಚು ಕೊಡುವುದಿಲ್ಲ' ಎಂಬ ಆರ್ಡರ್ ಹಾಕಿ, ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡ.

ಖರ್ಚಿನ ಲೆಕ್ಕ ನೋಡಿ. 62ಕ್ಕೆ ಕೊಳ್ಳಬೇಕು, ಮಾರಿದರೆ 60 ಸಿಗುತ್ತದೆ, 1,000 ಪೌಂಡ್ ಹಾಕುತ್ತೀರಿ. ಈ ಅಂತರಕ್ಕೇ ಸುಮಾರು 32 ಪೌಂಡ್ ಹೋಯಿತು. ನೂರಕ್ಕೆ 0.5 ಸ್ಟ್ಯಾಂಪ್ ಡ್ಯೂಟಿ 5 ಪೌಂಡ್, ಬ್ರೋಕರ್ ಕಮಿಷನ್ 10 ಇದ್ದರೆ ಒಟ್ಟು 47. ಹತ್ತು ಪೌಂಡ್ ಕಮಿಷನ್ ಕೊಟ್ಟು ತಿಂಗಳಿಗೆ 50 ಪೌಂಡ್‌ನಂತೆ ಕೊಳ್ಳುವುದಂತೂ ದುಡ್ಡು ಹಾಳು. ಕೂಡಿಟ್ಟು ವರ್ಷಕ್ಕೆ ಎರಡು ಬಾರಿ ಕೊಳ್ಳಿ.

ಆಮೇಲೆ ದಿನವೂ ಬೆಲೆ ನೋಡುವ ಅಗತ್ಯವಿಲ್ಲ, ತ್ರೈಮಾಸಿಕ ವರದಿ ಸಾಕು. ಒಳಗಿನ ಕಂಪನಿಯೊಂದು ಷೇರುಪೇಟೆಗೆ ಬಂದರೆ ಮೊದಲ ದಿನದ ಏರಿಕೆಯನ್ನು ಪೂರ್ತಿ ಲಾಭ ಎಂದು ಬರೆದುಕೊಳ್ಳಬೇಡಿ. ಹಳೆಯ ಹೂಡಿಕೆದಾರರು ಸಾಮಾನ್ಯವಾಗಿ ಆರು ತಿಂಗಳು ತಮ್ಮ ಪಾಲು ಮಾರುವಂತಿಲ್ಲ. ಆ ನಿರ್ಬಂಧ ಮುಗಿಯುವ ತಾರೀಕನ್ನು ಗುರುತು ಹಾಕಿಡಿ. ಟ್ರಸ್ಟ್ ಎಷ್ಟು ಮಾರಿತು, ಯಾವ ಬೆಲೆಗೆ ಎಂಬುದನ್ನು ಮುಂದಿನ ವರದಿಯಲ್ಲಿ ಮೊದಲು ಹುಡುಕಿ.